ನೆಲೆಗೆ ನೆಲೆ ಉತ್ತರವಲ್ಲ

2025ರ ಏಪ್ರಿಲ್ 5ರಂದು ಏಷ್ಯಾದ ಎರಡು ಕಡಲತೀರಗಳಲ್ಲಿ ಎರಡು ಸಮಾರಂಭ ನಡೆದವು. ಕಾಂಬೋಡಿಯಾದ ರೀಮ್ ನೌಕಾನೆಲೆಯಲ್ಲಿ ಪ್ರಧಾನಿ ಹುನ್ ಮಾನೆತ್, ಚೀನಾದ ನೆರವಿನಿಂದ ಕಟ್ಟಿದ ಹೊಸ ಧಕ್ಕೆಯನ್ನೂ ಎರಡೂ ದೇಶಗಳ ಜಂಟಿ ತರಬೇತಿ ಕೇಂದ್ರವನ್ನೂ ಉದ್ಘಾಟಿಸಿದರು. ನಮ್ಮ ಕಾರವಾರದಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಸೀಬರ್ಡ್ ಯೋಜನೆಯ ಎರಡು ಸಾವಿರ ಕೋಟಿ ರೂಪಾಯಿಗೂ ಮೀರಿದ ಕಾಮಗಾರಿಗಳನ್ನು ಉದ್ಘಾಟಿಸಿ, ಐಎನ್‌ಎಸ್ ಸುನಯನಾ ಹಡಗನ್ನು ಬೀಳ್ಕೊಟ್ಟರು. ಆ ಹಡಗಿನಲ್ಲಿ ನಮ್ಮ ನಾವಿಕರ ಜೊತೆ ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಸೆಷೆಲ್ಸ್, ಕೆನ್ಯಾ, ತಾಂಜಾನಿಯಾ ಮೊದಲಾದ ಒಂಬತ್ತು ದೇಶಗಳ 44 ನೌಕಾ ಸಿಬ್ಬಂದಿ ಇದ್ದರು.

ರೀಮ್‌ನಂಥ ಸುದ್ದಿ ಬಂದಾಗಲೆಲ್ಲ ನಮ್ಮ ಟಿವಿ ಪರದೆಯ ಮೇಲೆ ಒಂದು ನಕಾಶೆ ಮೂಡುತ್ತದೆ. ಜಿಬೂಟಿ, ಗ್ವಾದರ್, ಹಂಬನ್‌ತೋಟ, ಕ್ಯಾಕ್‌ಪ್ಯು, ಕೋಕೋ ದ್ವೀಪ, ರೀಮ್: ಒಂದೊಂದಕ್ಕೂ ಒಂದು ಕೆಂಪು ಚುಕ್ಕೆ. ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆದರೆ ಭಾರತದ ಕೊರಳಿಗೆ ಚೀನಾ ಹಾಕಿದ 'ಮುತ್ತಿನ ಹಾರ' ಸಿದ್ಧ. ಬೆನ್ನಿಗೇ ಇನ್ನೊಂದು ನಕಾಶೆ ಬರುತ್ತದೆ. ಅದರಲ್ಲಿ ಅಗಲೇಗಾ, ದುಕ್ಮ್, ಸಬಾಂಗ್, ಚಾಬಹಾರ್‌ಗಳಿಗೆ ಕೇಸರಿ ಚುಕ್ಕೆ ಇಟ್ಟು ಅದನ್ನು ನಮ್ಮ 'ವಜ್ರದ ಹಾರ' ಎನ್ನಲಾಗುತ್ತದೆ. ನಿವೃತ್ತ ಅಧಿಕಾರಿಗಳು, ನಿರೂಪಕರು, ವಾಟ್ಸ್‌ಆ್ಯಪ್ ಪಂಡಿತರು ಎಲ್ಲರೂ ತಲುಪುವ ತೀರ್ಮಾನ ಒಂದೇ. ಚೀನಾ ಒಂದು ನೆಲೆ ಕಟ್ಟಿದರೆ ನಾವೂ ಒಂದು ಕಟ್ಟಬೇಕು, ಸರ್ಕಾರದ ಧೈರ್ಯವನ್ನು ಅಳೆಯಬೇಕಾದದ್ದು ಹೊರದೇಶದ ದಡಗಳಲ್ಲಿ ನೆಟ್ಟ ಬಾವುಟಗಳ ಲೆಕ್ಕದಿಂದ.

ಈ ತೀರ್ಮಾನ ತಪ್ಪು. ಚೀನಾದಿಂದ ಅಪಾಯವಿಲ್ಲ ಎಂಬುದು ನನ್ನ ವಾದವಲ್ಲ. ಅಪಾಯ ಇದೆ, ಬೆಳೆಯುತ್ತಲೂ ಇದೆ. ಆದರೆ ನೆಲೆಗೆ ನೆಲೆ ಎಂಬ ಲೆಕ್ಕಾಚಾರ ಆ ಅಪಾಯವನ್ನು ತಪ್ಪಾಗಿ ಅಳೆಯುತ್ತದೆ, ನಮ್ಮ ದುಡ್ಡನ್ನು ತಪ್ಪು ಜಾಗಕ್ಕೆ ಸುರಿಸುತ್ತದೆ, ನಮಗೆ ಬೇಕಾದ ನೆರೆಹೊರೆಯವರನ್ನೇ ದೂರ ಮಾಡುತ್ತದೆ.

ಮೊದಲು ಆ ಕೆಂಪು ಚುಕ್ಕೆಗಳನ್ನೇ ನೋಡೋಣ. ಮುತ್ತಿನ ಹಾರದ ಕಲ್ಪನೆ ಹುಟ್ಟಿದ್ದು ದೆಹಲಿಯಲ್ಲಲ್ಲ, ಬೀಜಿಂಗ್‌ನಲ್ಲೂ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆಗಾಗಿ ಬೂಜ್ ಅಲನ್ ಹ್ಯಾಮಿಲ್ಟನ್ ಎಂಬ ಸಲಹಾ ಕಂಪನಿ ತಯಾರಿಸಿದ ವರದಿಯೊಂದರಿಂದ 2005ರ ಆರಂಭದಲ್ಲಿ ಅದು ಪತ್ರಿಕೆಗಳಿಗೆ ಬಂತು. ಅಂದಿನಿಂದ ಎರಡು ದಶಕ ಕಳೆದಿವೆ. ಈ ಅವಧಿಯಲ್ಲಿ ಹಿಂದೂ ಮಹಾಸಾಗರದ ದಡದಲ್ಲಿ ಚೀನಾ ತನ್ನದೆಂದು ಒಪ್ಪಿಕೊಂಡು, ಸೈನಿಕರನ್ನಿಟ್ಟು, ಬಾವುಟ ಹಾರಿಸಿ ತೆರೆದ ಸೇನಾನೆಲೆ ಒಂದೇ ಒಂದು: 2017ರ ಆಗಸ್ಟ್ 1ರಂದು ಶುರುವಾದ ಜಿಬೂಟಿ. ರೀಮ್ ಇರುವುದು ಥಾಯ್ಲೆಂಡ್ ಕೊಲ್ಲಿಯಲ್ಲಿ, ಮಲಕ್ಕಾ ಜಲಸಂಧಿಯ ಆಚೆ. ಉಳಿದ ಚುಕ್ಕೆಗಳು ವಾಣಿಜ್ಯ ಬಂದರುಗಳು, ಇಲ್ಲವೇ ಅನುಮಾನಗಳು.

ಅನುಮಾನದ ಮೇಲೆ ನೀತಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಕೋಕೋ ದ್ವೀಪದ ಕಥೆ ಸಾಕು. ಅಂಡಮಾನಿನ ಉತ್ತರಕ್ಕೆ ಅಂಟಿಕೊಂಡಂತಿರುವ ಮ್ಯಾನ್ಮಾರ್‌ನ ಈ ದ್ವೀಪದಲ್ಲಿ ಚೀನಾ ಕದ್ದಾಲಿಕೆ ಕೇಂದ್ರ ಇಟ್ಟಿದೆ ಎಂಬ ಮಾತು ತೊಂಬತ್ತರ ದಶಕದ ಉದ್ದಕ್ಕೂ ಓಡಾಡಿತು. 1998ರಲ್ಲಿ ರಕ್ಷಣಾ ಸಚಿವರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರೇ ಅದನ್ನು ಬಹಿರಂಗವಾಗಿ ಹೇಳಿದರು. 2005ರಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಅರುಣ್ ಪ್ರಕಾಶ್ ಅಲ್ಲಿ ಅಂಥ ಕೇಂದ್ರ ಇಲ್ಲ ಎಂದು ಸ್ಪಷ್ಟಪಡಿಸಿದರು. ಆದರೆ ನಕಾಶೆಯ ಮೇಲಿನ ಚುಕ್ಕೆ ಅಳಿಯಲಿಲ್ಲ. 2023ರಲ್ಲಿ ಅಲ್ಲಿನ ರನ್‌ವೇ ಉದ್ದವಾದದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತು. ಅದರ ಮೇಲೆ ಕಣ್ಣಿಡಬೇಕಾದದ್ದು ನಿಜ. ಕಣ್ಣಿಡುವ ಕೆಲಸ ಬೇರೆ, ಕಂಡಿದ್ದಕ್ಕೆಲ್ಲ ನೆಲೆ ಎಂದು ಹೆಸರಿಡುವ ಚಟ ಬೇರೆ.

ಶ್ರೀಲಂಕಾದ ಹಂಬನ್‌ತೋಟ ಮುತ್ತಿನ ಹಾರದ ವಾದಕ್ಕೆ ಮುಖ್ಯ ಸಾಕ್ಷಿ. ಸಾಲದ ಬಲೆಗೆ ಕೆಡವಿ ಚೀನಾ ಅದನ್ನು ಕಸಿದುಕೊಂಡಿತು ಎಂಬುದು ಶಾಲಾ ಮಕ್ಕಳಿಗೂ ಗೊತ್ತಿರುವ ಕಥೆ. 2017ರಲ್ಲಿ ಚೀನಾದ ಕಂಪನಿಗೆ ಆ ಬಂದರು 99 ವರ್ಷಗಳ ಗುತ್ತಿಗೆಗೆ ಹೋಯಿತು ಎಂಬುದು ನಿಜ. ಆದರೆ ಶ್ರೀಲಂಕಾಕ್ಕೆ ಬಂದ 112 ಕೋಟಿ ಡಾಲರ್ ಚೀನಾದ ಸಾಲಕ್ಕೆ ವಜಾ ಆಗಲಿಲ್ಲ. ಬರಿದಾಗುತ್ತಿದ್ದ ವಿದೇಶಿ ವಿನಿಮಯದ ಬೊಕ್ಕಸ ತುಂಬಲು ಬಳಕೆಯಾಯಿತು. ಬಂದರಿನ ಸಾಲ ಹಾಗೇ ಉಳಿಯಿತು. ಚೀನಾದ ಜಲಾಂತರ್ಗಾಮಿ ಶ್ರೀಲಂಕಾದಲ್ಲಿ ತಂಗಿದ್ದು 2014ರಲ್ಲಿ, ಅದೂ ಕೊಲಂಬೊದಲ್ಲಿ, ಅಂದರೆ ಈ ಗುತ್ತಿಗೆಗೆ ಮೂರು ವರ್ಷ ಮೊದಲು. 2017ರ ಮೇ ತಿಂಗಳಲ್ಲಿ ಮತ್ತೊಂದು ಜಲಾಂತರ್ಗಾಮಿಗೆ ಅನುಮತಿ ಕೇಳಿದಾಗ ಶ್ರೀಲಂಕಾ ಒಪ್ಪಲಿಲ್ಲ. ಗುತ್ತಿಗೆಯ ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಯುದ್ಧನೌಕೆಗೆ ದಾರಿ ತೆರೆಯುವುದಿಲ್ಲ. ಆ ದಾರಿಯ ಬೀಗದ ಕೈ ಕೊಲಂಬೊದ ಸರ್ಕಾರದ ಬಳಿಯೇ ಇದೆ.

ಗ್ವಾದರ್‌ನ ಪಾಡೂ ಇಂಥದೇ. ಸಿಂಗಾಪುರದ ಕಂಪನಿಯೊಂದು ನಡೆಸಲಾರದೆ ಬಿಟ್ಟ ಬಂದರನ್ನು 2013ರಲ್ಲಿ ಚೀನಾದ ಕಂಪನಿ ವಹಿಸಿಕೊಂಡಿತು. ಇವತ್ತಿಗೂ ಅಲ್ಲಿ ಹಡಗುಗಳ ಸಂದಣಿ ಇಲ್ಲ. 2021ರ ಕೊನೆಗೆ ಆ ಊರಿನ ಮೀನುಗಾರರು ಮತ್ತು ಹೆಂಗಸರು ಬೀದಿಗಿಳಿದು ಕೇಳಿದ್ದು ಕುಡಿಯುವ ನೀರು, ಕರೆಂಟು, ಟ್ರಾಲರ್‌ಗಳಿಂದ ಬಿಡುಗಡೆ, ಹೆಜ್ಜೆಗೊಂದು ಚೆಕ್‌ಪೋಸ್ಟ್‌ನಿಂದ ಬಿಡುಗಡೆ. ಬಲೂಚ್ ಬಂಡುಕೋರರು ಚೀನಾದ ಎಂಜಿನಿಯರುಗಳ ಮೇಲೆ ಗುಂಡು ಹಾರಿಸುತ್ತಲೇ ಇದ್ದಾರೆ. ಸುತ್ತಲಿನ ಜನವೇ ತಿರುಗಿಬಿದ್ದ ಬಂದರನ್ನು ಕಾಯುವ ಹೊಣೆ ಈಗ ಚೀನಾ ಮತ್ತು ಪಾಕಿಸ್ತಾನದ ಹೆಗಲ ಮೇಲಿದೆ. ಅಂಥ ಹೊರೆಯನ್ನು ಹೊತ್ತವನನ್ನು ನೋಡಿ ನಾವು ಅಸೂಯೆಪಡುವುದು ವಿಚಿತ್ರ.

ಹೊರದೇಶದ ನೆಲೆ ಎಂದರೆ ಬಾಡಿಗೆ ಮನೆ. ಎಷ್ಟು ಖರ್ಚು ಮಾಡಿ ಮಹಡಿ ಎತ್ತಿಸಿದರೂ ಮಾಲೀಕ ಮನಸ್ಸು ಬದಲಿಸಿದ ದಿನ ಗಂಟುಮೂಟೆ ಕಟ್ಟಬೇಕು. ಸೋವಿಯತ್ ಒಕ್ಕೂಟ ಸೊಮಾಲಿಯಾದ ಬರ್ಬರಾದಲ್ಲಿ ದೊಡ್ಡ ನೆಲೆ ಕಟ್ಟಿತು. 1977ರಲ್ಲಿ ಸೊಮಾಲಿಯಾ ಅದನ್ನು ಹೊರಹಾಕಿತು, ಮೂರು ವರ್ಷಗಳಲ್ಲಿ ಅದೇ ಬಂದರನ್ನು ಬಳಸುವ ಹಕ್ಕು ಅಮೆರಿಕಕ್ಕೆ ಸಿಕ್ಕಿತು. ಫಿಲಿಪ್ಪೀನ್ಸ್‌ನ ಸೆನೆಟ್ 1991ರ ಸೆಪ್ಟೆಂಬರಿನಲ್ಲಿ 12–11 ಮತಗಳಿಂದ ಸುಬಿಕ್ ಬೇ ಗುತ್ತಿಗೆಯನ್ನು ತಿರಸ್ಕರಿಸಿತು. ಅದರಿಂದಾಗಿ ಅಮೆರಿಕ ಏಷ್ಯಾದ ತನ್ನ ಬಹುದೊಡ್ಡ ನೌಕಾನೆಲೆಯನ್ನು ಖಾಲಿ ಮಾಡಬೇಕಾಯಿತು. ನೈಜರ್‌ನ ಮರುಭೂಮಿಯಲ್ಲಿ ನೂರು ಮಿಲಿಯನ್ ಡಾಲರಿಗೂ ಮೀರಿ ಸುರಿದು ಕಟ್ಟಿದ ಡ್ರೋನ್ ನೆಲೆಯನ್ನು ಅಮೆರಿಕ 2024ರಲ್ಲಿ ಬಿಟ್ಟುಬಂತು. ಜಗತ್ತಿನ ಅತಿ ಶ್ರೀಮಂತ ಸೇನೆಗೇ ಈ ಗತಿಯಾದರೆ ಚೀನಾಕ್ಕೆ ಬೇರೆ ನಿಯಮ ಇರಲಾರದು. ರೀಮ್‌ನಲ್ಲೇ ನೋಡಿ: ಉದ್ಘಾಟನೆಯಾದ ಎರಡು ವಾರಕ್ಕೇ ಕಾಂಬೋಡಿಯಾ ಜಪಾನಿನ ಎರಡು ಯುದ್ಧನೌಕೆಗಳನ್ನು ಅದೇ ಧಕ್ಕೆಗೆ ಬರಮಾಡಿಕೊಂಡಿತು. ಜಿಬೂಟಿಯಲ್ಲೂ ಅಷ್ಟೇ. ಚೀನಾ ಬಂತೆಂದು ಅಮೆರಿಕ, ಫ್ರಾನ್ಸ್, ಜಪಾನ್, ಇಟಲಿ ಯಾರನ್ನೂ ಆ ಪುಟ್ಟ ದೇಶ ಕಳಿಸಲಿಲ್ಲ. ಎಲ್ಲರಿಂದಲೂ ಬಾಡಿಗೆ ವಸೂಲು ಮಾಡುತ್ತಿದೆ.

ಈ ಪಾಠಕ್ಕೆ ಪರದೇಶದ ಇತಿಹಾಸವನ್ನೇ ಓದಬೇಕಿಲ್ಲ. ನಮ್ಮ ಅನುಭವವೂ ಇದೆ, ನಾವು ಅದನ್ನು ಚರ್ಚಿಸುವುದಿಲ್ಲ ಅಷ್ಟೇ. ತಜಿಕಿಸ್ತಾನದ ಆಯ್ನಿ ವಾಯುನೆಲೆಯ ರನ್‌ವೇ ಉದ್ದ ಮಾಡಿ, ಕಟ್ಟಡಗಳನ್ನು ಕಟ್ಟಿಕೊಟ್ಟದ್ದು ಭಾರತ. 'ಹೊರದೇಶದಲ್ಲಿ ನಮ್ಮ ಮೊದಲ ವಾಯುನೆಲೆ' ಎಂದು ಪತ್ರಿಕೆಗಳು ವರ್ಷಗಟ್ಟಲೆ ಬೀಗಿದವು. 2022ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ನೆಲೆಯನ್ನು ಒಪ್ಪಿಸಿ ಬಂದೆವು. ಈ ವಿಚಾರ ಸಾರ್ವಜನಿಕರಿಗೆ ತಿಳಿದದ್ದು 2025ರಲ್ಲಿ. ಪಡೆದಾಗ ಬಾರಿಸಿದ ಡೋಲು ಕಳೆದುಕೊಂಡಾಗ ಸದ್ದು ಮಾಡಲಿಲ್ಲ.

ಸೆಷೆಲ್ಸ್‌ನ ಅಸಂಪ್ಷನ್ ದ್ವೀಪದ ಕಥೆ ಇನ್ನೂ ತೀಕ್ಷ್ಣ. 2015ರಲ್ಲಿ ಪ್ರಧಾನಿ ಮೋದಿಯವರ ಭೇಟಿಯ ವೇಳೆ ಆದ ಒಪ್ಪಂದವನ್ನು 2018ರ ಜನವರಿಯಲ್ಲಿ ತಿದ್ದಿ ಮತ್ತೆ ಸಹಿ ಹಾಕಲಾಯಿತು. ಅಲ್ಲಿ ರನ್‌ವೇ ಮತ್ತು ಧಕ್ಕೆ ಕಟ್ಟುವ ಯೋಜನೆ. ಒಪ್ಪಂದದ ಪಠ್ಯ ಸೋರಿಕೆಯಾಯಿತು, ರಾಜಧಾನಿ ವಿಕ್ಟೋರಿಯಾದಲ್ಲಿ ಜನ ಪ್ರತಿಭಟನೆಗಿಳಿದರು, ಸಂಸತ್ತಿನಲ್ಲಿ ಬಹುಮತವಿದ್ದ ವಿರೋಧ ಪಕ್ಷ ಅನುಮೋದಿಸುವುದಿಲ್ಲ ಎಂದಿತು. ಅದೇ ವರ್ಷ ಜೂನ್‌ನಲ್ಲಿ ಅಧ್ಯಕ್ಷ ಡ್ಯಾನಿ ಫೌರ್ ಯೋಜನೆ ಮುಂದುವರಿಯುವುದಿಲ್ಲ ಎಂದು ಸಾರಿದರು. ಆ ಜನ ಚೀನಾದ ಪರ ಇದ್ದವರಲ್ಲ. ತಮ್ಮ ನೆಲ ಯಾರದೋ ಜಗಳಕ್ಕೆ ಕಣವಾಗಬಾರದು, ಪಕ್ಕದ ಅಲ್ಡಾಬ್ರಾ ಹವಳದ್ವೀಪದಲ್ಲಿರುವ ಲಕ್ಷಕ್ಕೂ ಹೆಚ್ಚು ದೈತ್ಯ ಆಮೆಗಳ ನೆಮ್ಮದಿ ಕೆಡಬಾರದು ಎನ್ನುತ್ತಿದ್ದವರು. ಸುಮಾರು ಒಂದು ಲಕ್ಷ ಜನರ ದೇಶವೊಂದು ನಮಗೆ 'ಬೇಡ' ಎಂದಿತು, ಮತ್ತು ಹಾಗೆನ್ನುವ ಹಕ್ಕು ಅದಕ್ಕಿತ್ತು.

ಅದು ನಮಗೆ ಅರ್ಥವಾಗದ ಮಾತೇನೂ ಅಲ್ಲ. ಕಾರವಾರ, ಅಂಕೋಲಾದ ಜನರನ್ನು ಕೇಳಿದರೆ ಸಾಕು. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ ಸೀಬರ್ಡ್ ಯೋಜನೆಗೆ ಹದಿಮೂರು ಹಳ್ಳಿಗಳ ಸುಮಾರು ನಾಲ್ಕು ಸಾವಿರ ಕುಟುಂಬಗಳು ಮನೆ, ಗದ್ದೆ, ಮೀನು ಒಣಗಿಸುವ ದಡ ಬಿಟ್ಟುಕೊಟ್ಟವು. ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ್ದು 2005ರಲ್ಲಿ. ಪರಿಹಾರದ ತಕರಾರು ಅದರ ನಂತರವೂ ವರ್ಷಗಟ್ಟಲೆ ಕೋರ್ಟುಗಳಲ್ಲಿ ಸುತ್ತಿತು. ಅವರು ನಮ್ಮದೇ ಪ್ರಜೆಗಳು. ನಮ್ಮದೇ ಕಾನೂನು, ನಮ್ಮದೇ ದೇಶದ ರಕ್ಷಣೆಗೆಂದು ಕೊಟ್ಟ ನೆಲ. ಅಷ್ಟಿದ್ದೂ ನ್ಯಾಯ ಸಲ್ಲಿಸಲು ಒಂದು ತಲೆಮಾರು ಹಿಡಿಯಿತು. ಇನ್ನೊಂದು ದೇಶದ ದ್ವೀಪವಾಸಿ ನಮ್ಮ ಹಡಗುಗಳಿಗೆ ಜಾಗ ಕೊಟ್ಟು ಸಂತೋಷಪಡಬೇಕು ಎಂದು ಯಾವ ಮುಖದಿಂದ ನಿರೀಕ್ಷಿಸುತ್ತೇವೆ?

ಮಾಲ್ಡೀವ್ಸ್ ಕಲಿಸಿದ್ದು ಎಲ್ಲಕ್ಕಿಂತ ಉಪಯುಕ್ತ ಪಾಠ. ಅಲ್ಲಿದ್ದ ನಮ್ಮ ಸೇನಾ ಸಿಬ್ಬಂದಿ ನೂರು ಜನವೂ ಅಲ್ಲ. ಎರಡು ಹೆಲಿಕಾಪ್ಟರ್, ಒಂದು ಡಾರ್ನಿಯರ್ ವಿಮಾನ ಹಾರಿಸುತ್ತಿದ್ದರು. ದೂರದ ದ್ವೀಪಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವುದೇ ಹೆಚ್ಚಿನ ಕೆಲಸ. ಆದರೂ ಆ ಸಮವಸ್ತ್ರಗಳೇ 'ಇಂಡಿಯಾ ಔಟ್' ಚಳವಳಿಗೆ ಬಂಡವಾಳವಾದವು, ಮೊಹಮದ್ ಮುಯಿಝು 2023ರ ಚುನಾವಣೆ ಗೆದ್ದರು. 2024ರ ಮೇ 10ರೊಳಗೆ ನಮ್ಮ ಸೈನಿಕರು ವಾಪಸಾದರು. ಅವರ ಜಾಗಕ್ಕೆ ಹೋದವರು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್‌ನ ನಾಗರಿಕ ಸಿಬ್ಬಂದಿ. ಹೆಲಿಕಾಪ್ಟರುಗಳು ನಿಲ್ಲಲಿಲ್ಲ, ರೋಗಿಗಳ ಸಾಗಣೆ ನಿಲ್ಲಲಿಲ್ಲ. ಆ ವರ್ಷದ ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದು 40 ಕೋಟಿ ಡಾಲರಿನ ಕರೆನ್ಸಿ ವಿನಿಮಯ ನೆರವು ಪಡೆದರು. 2025ರ ಜುಲೈಯಲ್ಲಿ ಮಾಲ್ಡೀವ್ಸ್‌ನ ಅರವತ್ತನೇ ಸ್ವಾತಂತ್ರ್ಯೋತ್ಸವಕ್ಕೆ ಅತಿಥಿಯಾದವರು ಮೋದಿ. ಸಮವಸ್ತ್ರ ಇದ್ದಾಗ ಕೆಟ್ಟ ಸಂಬಂಧ ಸಮವಸ್ತ್ರ ಹೋದ ಮೇಲೆ ಸುಧಾರಿಸಿತು. ಬಾವುಟ ನೆಡಿ ಎನ್ನುವವರು ಇದಕ್ಕೆ ಏನು ಉತ್ತರ ಕೊಡುತ್ತಾರೆ?

ಅವರ ಬಳಿ ಒಂದು ಗಟ್ಟಿ ಉತ್ತರ ಇದೆ: ಅಗಲೇಗಾ. ಮಾರಿಷಸ್‌ಗೆ ಸೇರಿದ, ಸುಮಾರು ಮುನ್ನೂರು ಜನ ಬಾಳುವ ಈ ದ್ವೀಪದಲ್ಲಿ ಭಾರತ ಮೂರು ಕಿಲೋಮೀಟರಿನ ರನ್‌ವೇ ಮತ್ತು ಧಕ್ಕೆ ಕಟ್ಟಿಕೊಟ್ಟಿದೆ. 2024ರ ಫೆಬ್ರವರಿ 29ರಂದು ಅವು ಉದ್ಘಾಟನೆಯಾದವು. ನೈರುತ್ಯ ಹಿಂದೂ ಮಹಾಸಾಗರದ ಮೇಲೆ ಕಣ್ಣಿಡಲು ಇದರಿಂದ ಅನುಕೂಲ ಆಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಯಾಕೆ ಸಾಧ್ಯವಾಯಿತು ಎಂದು ಕೇಳಬೇಕು. ಮಾರಿಷಸ್ ಅದನ್ನು ಸೇನಾನೆಲೆ ಎಂದು ಒಮ್ಮೆಯೂ ಒಪ್ಪಿಲ್ಲ, ದೆಹಲಿಯೂ ಹಾಗೆ ಕರೆದಿಲ್ಲ. ಎರಡು ದೇಶಗಳ ನಡುವೆ ಇರುವುದು ವಲಸೆ ಹೋದ ಕೂಲಿಗಳ ಕಾಲದಿಂದ ಬಂದ ನಂಟು. ಜೊತೆಗೆ ಮಾರಿಷಸ್ ಬ್ರಿಟನ್ನಿನಿಂದ ಷಾಗೋಸ್ ದ್ವೀಪಗಳನ್ನು ವಾಪಸು ಕೇಳಿದಾಗ ಭಾರತ ಅದರ ಬೆನ್ನಿಗೆ ನಿಂತಿತ್ತು. ಇಂಥ ನಂಬಿಕೆ ಬೇರೆಡೆ ಖರೀದಿಗೆ ಸಿಗುವುದಿಲ್ಲ. ಅಷ್ಟೇ ಅಲ್ಲ, ಅಗಲೇಗಾವನ್ನು ನಮ್ಮ 'ವಜ್ರ' ಎಂದು ಟಿವಿಯಲ್ಲಿ ಕೂಗಿದಷ್ಟೂ ಅಲ್ಲಿನ ವಿರೋಧಿಗಳ ಕೈಗೆ ನಾವೇ ಆಯುಧ ಕೊಡುತ್ತೇವೆ. ಷಾಗೋಸ್‌ನ ಡಿಯಾಗೊ ಗಾರ್ಸಿಯಾದಲ್ಲಿ ಅಮೆರಿಕದ ನೆಲೆಗಾಗಿ ಅಲ್ಲಿನ ಜನರನ್ನು 1968ರಿಂದ 1973ರ ನಡುವೆ ಒಕ್ಕಲೆಬ್ಬಿಸಿದ ನೆನಪು ಆ ಸಮುದ್ರದ ದ್ವೀಪವಾಸಿಗಳಲ್ಲಿ ಇನ್ನೂ ಮಾಸಿಲ್ಲ.

ಎರಡನೆಯ ಆಕ್ಷೇಪವೂ ಹಗುರವಾದದ್ದಲ್ಲ. ಒಳ್ಳೆಯ ನೆರೆಯವರಾಗಿದ್ದು ಏನು ಸಿಕ್ಕಿತು? 2022ರಲ್ಲಿ ದಿವಾಳಿಯಾದ ಶ್ರೀಲಂಕಾಕ್ಕೆ ಭಾರತ ಸುಮಾರು 400 ಕೋಟಿ ಡಾಲರಿನ ನೆರವು ನೀಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಮ್ಮ ಆಕ್ಷೇಪವನ್ನೂ ಮೀರಿ ಚೀನಾದ 'ಯುವಾನ್ ವಾಂಗ್ 5' ಜಾಡುಪತ್ತೆ ಹಡಗು ಹಂಬನ್‌ತೋಟಕ್ಕೆ ಬಂತು. ಹೌದು, ಬಂತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2024ರಲ್ಲಿ ಶ್ರೀಲಂಕಾ ವಿದೇಶಿ ಸಂಶೋಧನಾ ಹಡಗುಗಳಿಗೆ ಒಂದು ವರ್ಷ ತಡೆ ಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಒಂದು ಕಾಲಕ್ಕೆ ಭಾರತ ವಿರೋಧವನ್ನೇ ಉಸಿರಾಡಿದ ಪಕ್ಷದಿಂದ ಬಂದ ಅಧ್ಯಕ್ಷ ಅನುರ ಕುಮಾರ ದಿಸಾನಾಯಕೆ ದೆಹಲಿಯಲ್ಲಿ ನಿಂತು, ತಮ್ಮ ನೆಲ ಭಾರತದ ವಿರುದ್ಧ ಬಳಕೆಯಾಗಲು ಬಿಡುವುದಿಲ್ಲ ಎಂದರು. ಮುಂದಿನ ಏಪ್ರಿಲ್‌ನಲ್ಲಿ ರಕ್ಷಣಾ ಸಹಕಾರದ ಒಪ್ಪಂದಕ್ಕೂ ಸಹಿ ಬಿತ್ತು. ನೆರವು ಕೊಟ್ಟ ಮರುದಿನವೇ ವಿಧೇಯತೆ ಬರುವುದಿಲ್ಲ. ಆದರೆ ನೆಲೆಯ ಒಪ್ಪಂದದಿಂದಲೂ ಅದು ಬರುವುದಿಲ್ಲ. 1987ರಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಆಗಿನ ಅಧ್ಯಕ್ಷ ಜಯವರ್ಧನೆ ವಿನಿಮಯ ಮಾಡಿಕೊಂಡ ಪತ್ರಗಳಲ್ಲಿ, ಭಾರತದ ಹಿತಕ್ಕೆ ಧಕ್ಕೆಯಾಗುವಂತೆ ತ್ರಿಕೋನಮಲೆಯನ್ನು ಯಾವ ದೇಶಕ್ಕೂ ಸೇನಾ ಬಳಕೆಗೆ ಕೊಡುವುದಿಲ್ಲ ಎಂಬ ಮಾತಿದೆ. ಆ ಒಪ್ಪಂದದ ಬೆನ್ನಿಗೆ ಹೋದ ನಮ್ಮ ಶಾಂತಿಪಾಲನಾ ಪಡೆ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು ವಾಪಸಾಯಿತು. ಪತ್ರದ ಆ ಸಾಲು ಮಾತ್ರ ಇವತ್ತಿಗೂ ಕೆಲಸ ಮಾಡುತ್ತಿದೆ.

ಇಷ್ಟೆಲ್ಲ ಆದ ಮೇಲೂ ನೆಲೆವಾದಿಗಳು ಮರೆಯುವ ಮೂಲ ಸಂಗತಿಯೊಂದಿದೆ: ಭೂಗೋಳ. ಹಿಂದೂ ಮಹಾಸಾಗರಕ್ಕೆ ಬರಲು ಚೀನಾದ ಹಡಗು ಮಲಕ್ಕಾ, ಸುಂಡಾ, ಲೊಂಬೋಕ್‌ನಂಥ ಇಕ್ಕಟ್ಟಾದ ದಾರಿಗಳಲ್ಲಿ ನುಸುಳಬೇಕು. ಮನೆಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ ಇಂಧನ, ರಿಪೇರಿ, ಊಟ ಹುಡುಕಬೇಕು. ಆದ್ದರಿಂದ ಅದಕ್ಕೆ ನೆಲೆ ಬೇಕು. ನಮಗೆ ಈ ಸಾಗರದ ನಟ್ಟನಡುವೆ ಚಾಚಿಕೊಂಡ ಇಡೀ ಪರ್ಯಾಯ ದ್ವೀಪವೇ ಇದೆ. ಕಾರವಾರ, ಕೊಚ್ಚಿ, ವಿಶಾಖಪಟ್ಟಣ ಇವೆ. ಮಲಕ್ಕಾದ ಬಾಯಿಗೆ ಎದುರಾಗಿ ಅಂಡಮಾನ್–ನಿಕೋಬಾರ್ ಇದೆ. ಅರಕ್ಕೋಣಂ ಮತ್ತು ಗೋವಾದಿಂದ ಹಾರುವ ಪಿ–8ಐ ಗಸ್ತು ವಿಮಾನಗಳಿವೆ. 2020ರಲ್ಲಿ ತಂಜಾವೂರಿಗೆ ಬ್ರಹ್ಮೋಸ್ ಹೊತ್ತ ಸುಖೋಯ್ ದಳ ಬಂದಿದೆ. ಯುದ್ಧವೇ ಆದರೆ ಹಂಬನ್‌ತೋಟದಲ್ಲಿ ನಿಂತ ಚೀನಾದ ಹಡಗು ತಂಜಾವೂರಿನ ವಿಮಾನಗಳಿಗೆ ಗುರಿ. ರಕ್ಷಣೆಯಿಲ್ಲದ ದೂರದ ನೆಲೆ ಶಾಂತಿಕಾಲದಲ್ಲಿ ಪ್ರತಿಷ್ಠೆ, ಯುದ್ಧಕಾಲದಲ್ಲಿ ಒತ್ತೆಯಾಳು. ಚೀನಾದ ಅನಿವಾರ್ಯವನ್ನು ನಮ್ಮ ಆದರ್ಶ ಮಾಡಿಕೊಳ್ಳುವುದರಲ್ಲಿ ಯಾವ ಜಾಣತನವಿದೆ?

ಈಗ ದುಡ್ಡಿನ ಮಾತು. ಚೀನಾದ ಆರ್ಥಿಕತೆ ನಮ್ಮದರ ನಾಲ್ಕೈದು ಪಟ್ಟು. ಅದರ ಜೊತೆ ನೆಲೆಗೆ ನೆಲೆ ಕಟ್ಟುವ ಪಂದ್ಯಕ್ಕಿಳಿದರೆ ಮೊದಲು ಸುಸ್ತಾಗುವವರು ನಾವು. ರಕ್ಷಣಾ ಬಜೆಟ್‌ನಲ್ಲಿ ನೌಕಾಪಡೆಯ ಪಾಲು 2012ರಲ್ಲಿ ಶೇ 18 ಇದ್ದದ್ದು 2019–20ಕ್ಕೆ ಶೇ 13ಕ್ಕೆ ಇಳಿದಿದೆ ಎಂದು ಆಗಿನ ಮುಖ್ಯಸ್ಥ ಅಡ್ಮಿರಲ್ ಕರಂಬೀರ್ ಸಿಂಗ್ ಬಹಿರಂಗವಾಗಿ ಹೇಳಿದ್ದರು. 1999ರಲ್ಲಿ ಒಪ್ಪಿಗೆ ಪಡೆದ ಮೂವತ್ತು ವರ್ಷಗಳ ಯೋಜನೆಯಂತೆ 24 ಹೊಸ ಜಲಾಂತರ್ಗಾಮಿಗಳು ಬರಬೇಕಿತ್ತು. 2005ರಲ್ಲಿ ಒಪ್ಪಂದವಾದ ಆರು ಕಲ್ವರಿ ದರ್ಜೆಯ ಜಲಾಂತರ್ಗಾಮಿಗಳಲ್ಲಿ ಕೊನೆಯದು ಸೇವೆಗೆ ಸೇರಿದ್ದು 2025ರ ಜನವರಿಯಲ್ಲಿ. ಮುಂದಿನ ಆರಕ್ಕೆ 2021ರಲ್ಲಿ ಟೆಂಡರ್ ಕರೆದರೂ 2025 ಮುಗಿಯುವವರೆಗೆ ಸಹಿ ಬೀಳಲಿಲ್ಲ.

ಇದಕ್ಕಿಂತ ನಾಚಿಕೆಯ ಸಂಗತಿ ಮೈನ್‌ಸ್ವೀಪರ್‌ಗಳದು. ಬಂದರಿನ ಬಾಯಿಗೆ ಶತ್ರು ಕದ್ದು ಹಾಕುವ ಸಮುದ್ರ ಮೈನ್‌ಗಳನ್ನು ಹುಡುಕಿ ತೆಗೆಯುವ ಹಡಗುಗಳಿವು. ಕಾರವಾರದ ಹೆಸರನ್ನೇ ಹೊತ್ತಿದ್ದ ಐಎನ್‌ಎಸ್ ಕಾರವಾರ 2017ರಲ್ಲಿ ನಿವೃತ್ತವಾಯಿತು, ಕೊನೆಯದಾದ ಐಎನ್‌ಎಸ್ ಕೋಯಿಕ್ಕೋಡ್ 2019ರ ಏಪ್ರಿಲ್‌ನಲ್ಲಿ. ಅಂದಿನಿಂದ ಭಾರತದ ನೌಕಾಪಡೆಯಲ್ಲಿ ಅಂಥ ಒಂದೇ ಒಂದು ಹಡಗಿಲ್ಲ. ಗೋವಾ ಶಿಪ್‌ಯಾರ್ಡ್‌ನಲ್ಲಿ ಹನ್ನೆರಡನ್ನು ಕಟ್ಟಲು ಕೊರಿಯಾದ ಕಂಪನಿಯ ಜೊತೆ ವರ್ಷಗಟ್ಟಲೆ ನಡೆದ ಮಾತುಕತೆ ಮುರಿದುಬಿತ್ತು. ಹೊಸದಾಗಿ ಕೊಳ್ಳಲು ತಾತ್ವಿಕ ಒಪ್ಪಿಗೆ ಸಿಕ್ಕಿದ್ದು 2025ರ ಜುಲೈಯಲ್ಲಿ. ಹಡಗು ನೀರಿಗಿಳಿಯಲು ಇನ್ನೂ ವರ್ಷಗಳು ಬೇಕು. ಏಳೂವರೆ ಸಾವಿರ ಕಿಲೋಮೀಟರಿಗೂ ಮೀರಿದ ಕರಾವಳಿಯ ಬಂದರುಗಳನ್ನು ಅಗ್ಗದ ಮೈನ್‌ಗಳಿಂದ ಕಾಯಲು ಸಾಧನ ಇಲ್ಲದ ದೇಶ ಆಫ್ರಿಕಾದ ದಡದಲ್ಲಿ ಬಾವುಟ ಹುಡುಕುತ್ತಿದೆ. ನಿಕೋಬಾರ್‌ನ ಕ್ಯಾಂಪ್‌ಬೆಲ್ ಬೇಯಲ್ಲಿ 2012ರಲ್ಲಿ ಐಎನ್‌ಎಸ್ ಬಾಜ್ ಶುರುವಾದಾಗಲೇ ಅದರ ಗಿಡ್ಡ ರನ್‌ವೇಯನ್ನು ಉದ್ದ ಮಾಡುವ ಮಾತಿತ್ತು. ಗ್ರೇಟ್ ನಿಕೋಬಾರ್‌ನಲ್ಲಿ ಕಂಟೇನರ್ ಬಂದರು, ಹೊಸ ನಗರ ಕಟ್ಟುವ ಸಾವಿರಾರು ಕೋಟಿಯ ಯೋಜನೆಗೆ ದೇಶರಕ್ಷಣೆಯ ಹೆಸರನ್ನು ಧಾರಾಳವಾಗಿ ಬಳಸುವವರು, ಆ ರನ್‌ವೇ ಎಲ್ಲಿಗೆ ಬಂತು ಎಂದು ಕೇಳುವುದಿಲ್ಲ.

ಹಾಗಾದರೆ ದೂರದ ಸಮುದ್ರದಲ್ಲಿ ನಮ್ಮ ಹಡಗುಗಳಿಗೆ ಆಸರೆ ಬೇಡವೇ? ಬೇಕು. ಆದರೆ ಆಸರೆಗೆ ಒಡೆತನ ಬೇಕಿಲ್ಲ. 2016ರಲ್ಲಿ ಅಮೆರಿಕ, 2018ರಲ್ಲಿ ಫ್ರಾನ್ಸ್, 2020ರಲ್ಲಿ ಆಸ್ಟ್ರೇಲಿಯಾ ಮತ್ತು ಜಪಾನ್ ಜೊತೆ ಮಾಡಿಕೊಂಡ ಸರಕು–ಸೌಕರ್ಯ ಒಪ್ಪಂದಗಳು, ಓಮನ್‌ನ ದುಕ್ಮ್ ಬಂದರಿನ ಬಳಕೆ: ಇವೆಲ್ಲ ಅದನ್ನೇ ಕೊಡುತ್ತವೆ. ಇಂಧನ ತುಂಬಿಸಿಕೊ, ರಿಪೇರಿ ಮಾಡಿಸಿಕೊ, ಹೊರಡು. ಅಲ್ಲಿನ ಚುನಾವಣೆಯಲ್ಲಿ ನಾವು ವಿಷಯವಾಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಸೊಮಾಲಿ ಕಡಲ್ಗಳ್ಳರಿಂದ 'ಎಂವಿ ರುಯೆನ್' ಹಡಗನ್ನು ಬಿಡಿಸಿದ ಕಾರ್ಯಾಚರಣೆ ನೆನಪಿರಲಿ. ಭಾರತದ ತೀರದಿಂದ ಸುಮಾರು 2,600 ಕಿಲೋಮೀಟರ್ ದೂರ. ಐಎನ್‌ಎಸ್ ಕೋಲ್ಕತ್ತ ಸುತ್ತುಗಟ್ಟಿ ನಿಂತಿತು, ವಾಯುಪಡೆಯ ಸಿ–17 ವಿಮಾನದಿಂದ ಮಾರ್ಕೋಸ್ ಕಮಾಂಡೊಗಳು ಜಿಗಿದರು, 35 ಕಡಲ್ಗಳ್ಳರು ಶರಣಾದರು, 17 ನಾವಿಕರು ಬದುಕಿ ಬಂದರು. ಅದನ್ನು ಮಾಡಿಸಿದ್ದು ಹಡಗು, ವಿಮಾನ, ತರಬೇತಿ. ಆಫ್ರಿಕಾದ ದಡದಲ್ಲಿ ನಮ್ಮದೊಂದು ನೆಲೆ ಇರಲಿಲ್ಲ, ಅದರ ಕೊರತೆಯೂ ಕಾಡಲಿಲ್ಲ.

ಸರ್ಕಾರದ ಕಾರ್ಯತಂತ್ರ ಮೂರು ಕೆಲಸಗಳ ಮೇಲೆ ನಿಲ್ಲಬೇಕು. ಮೊದಲನೆಯದು, ನಮ್ಮದೇ ನೆಲದ ಕೊರತೆ ತುಂಬುವುದು: ಮೈನ್‌ಸ್ವೀಪರ್, ಜಲಾಂತರ್ಗಾಮಿ, ಅಂಡಮಾನ್–ನಿಕೋಬಾರ್‌ನ ರನ್‌ವೇ. ಎರಡನೆಯದು, ಚೀನಾದ ಜಲಾಂತರ್ಗಾಮಿ ಯಾವ ದಾರಿಯಲ್ಲಿ ಬಂತು, ಎಲ್ಲಿ ತಂಗಿತು ಎಂಬುದನ್ನು ಬಿಡದೆ ತಿಳಿಯುವುದು. ಗುರುಗ್ರಾಮದಲ್ಲಿ 2018ರಿಂದ ನಡೆಯುತ್ತಿರುವ ಮಾಹಿತಿ ಕೇಂದ್ರ ಹಡಗುಗಳ ಚಲನವಲನವನ್ನು ಮಿತ್ರದೇಶಗಳ ಜೊತೆ ಹಂಚಿಕೊಳ್ಳುತ್ತಿದೆ, ಅದನ್ನು ಬೆಳೆಸಬೇಕು. ಮೂರನೆಯದು, ನೆರೆಯವರಿಗೆ ಸಂಕಟ ಬಂದಾಗ ಮೊದಲು ತಲುಪುವುದು, ಒಪ್ಪಿಕೊಂಡ ಕಾಮಗಾರಿಯನ್ನು ಹೇಳಿದ ಅವಧಿಯಲ್ಲಿ ಮುಗಿಸಿಕೊಡುವುದು. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯ ಕುಡಿಯುವ ನೀರಿನ ಘಟಕ 2014ರ ಡಿಸೆಂಬರ್‌ನಲ್ಲಿ ಕೆಟ್ಟು ನಿಂತಾಗ ವಿಮಾನ, ಹಡಗುಗಳಲ್ಲಿ ನೀರು ಹೊತ್ತು ಹೋದವರು ನಾವು. ಆ ಕೆಲಸಕ್ಕೆ ಯಾವ ದೇಶದ ಸಂಸತ್ತೂ ತಡೆ ಒಡ್ಡಲಿಲ್ಲ.

ಇವುಗಳಲ್ಲಿ ಒಂದಕ್ಕೂ ನಕಾಶೆಯ ಮೇಲೆ ಚುಕ್ಕೆ ಮೂಡುವುದಿಲ್ಲ, ಟಿವಿ ಚರ್ಚೆಗೆ ಅರ್ಧ ತಾಸಿನ ಸರಕೂ ಸಿಗುವುದಿಲ್ಲ. ಆದ್ದರಿಂದಲೇ ಮತದಾರರು ಕೇಳುವ ಪ್ರಶ್ನೆ ಬದಲಾಗಬೇಕು. ಹೊರದೇಶದಲ್ಲಿ ಎಷ್ಟು ನೆಲೆ ಗಳಿಸಿದಿರಿ ಎಂಬ ಪ್ರಶ್ನೆಗೆ ಭಾಷಣದಲ್ಲೇ ಉತ್ತರ ಕೊಡಬಹುದು. ಮೊದಲ ಮೈನ್‌ಸ್ವೀಪರ್ ಯಾವ ವರ್ಷ ನೀರಿಗಿಳಿಯುತ್ತದೆ, ಏಳನೆಯ ಹೊಸ ಜಲಾಂತರ್ಗಾಮಿ ಯಾವ ವರ್ಷ ಸೇವೆಗೆ ಸೇರುತ್ತದೆ ಎಂಬ ಪ್ರಶ್ನೆಗೆ ಸರ್ಕಾರ ಸಂಸತ್ತಿನಲ್ಲಿ ತಾರೀಖು ಕೊಡಬೇಕಾಗುತ್ತದೆ. ಆ ತಾರೀಖನ್ನು ಪಡೆಯುವವರೆಗೆ ವಜ್ರದ ಹಾರದ ಮಾತನ್ನು ಕೇಳಿಸಿಕೊಳ್ಳಬೇಕಾದ ಕಾರಣ ನಮಗಿಲ್ಲ.